ಹೂಂಗುಟ್ಟುವ ಗಂಟಲು

ಇನ್ನೂ ಬರಬೇಕಾದ ಒಂದು ಕಾಲದಲ್ಲಿ ನಡೆದದ್ದು ಇದು. ನಡೆದುಹೋದದ್ದರಂತೆ ಹೇಳಿದರೇ ಕೇಳಲು ಹಿತ.

ಆ ಕಾಲಕ್ಕೆ ಆಸ್ಪತ್ರೆಗಳಲ್ಲಿ ಅರಿವಳಿಕೆಯ ಮದ್ದಿನ ಬಳಕೆ ತುಂಬ ಕಡಿಮೆಯಾಗಿತ್ತು. ರೋಗಿಗಳನ್ನು ಮಲಗಿಸುವ ಅನಿಲಗಳು ಮೇಲೇರಿ ಆಕಾಶವನ್ನೇ ಕಾಯಿಸುತ್ತವೆ ಎಂದು ದೇಶದೇಶಗಳು ಕೂಡಿ ಅವುಗಳಿಗೆ ಮಿತಿ ಹಾಕಿದ್ದವು. ಅವುಗಳ ಜಾಗಕ್ಕೆ ಬಂದದ್ದು ಸೊಲ್ಲು ಚಿಕಿತ್ಸೆ. ವಿದ್ಯೆ ಹಳೆಯದೇ, ಸಂಮೋಹನ. ಹೊಸದೆಂದರೆ ಅದನ್ನು ಅಳೆಯುವ ಯಂತ್ರ. ಹಣೆಗೊಂದು ಪಟ್ಟಿ, ಎದೆಗೊಂದು ಬಿಲ್ಲೆ, ಬೆರಳಿಗೊಂದು ಉಂಗುರ, ಗಂಟಲಿಗೊಂದು ತೆಳುವಾದ ಅಂಟು. ಕಿವಿಯಲ್ಲಿ ಒಂದು ಧ್ವನಿ ಮಾತಾಡುತ್ತಿದ್ದಂತೆ ಮಿದುಳಿನ ಅಲೆ ಎಷ್ಟು ನಿಧಾನವಾಯಿತು, ಎದೆಯ ಬಡಿತ ಉಸಿರಿನ ಜೊತೆ ಎಷ್ಟು ಹೊಂದಿಕೊಂಡಿತು, ಬೆರಳಿನ ಬೆವರು ಎಷ್ಟು ಆರಿತು ಎಂಬುದನ್ನೆಲ್ಲ ಕೂಡಿಸಿ ಯಂತ್ರ ಒಂದು ಅಂಕಿ ಕೊಡುತ್ತಿತ್ತು. ಸೊನ್ನೆಯಿಂದ ಹನ್ನೆರಡರವರೆಗೆ. ಎಂಟು ಮುಟ್ಟಿದವರಿಗೆ ಬರೀ ಸೊಲ್ಲಿನಲ್ಲೇ ದೊಡ್ಡ ಶಸ್ತ್ರಚಿಕಿತ್ಸೆ. ಕೆಳಗಿದ್ದವರಿಗೆ ಅಳಿದುಳಿದ ಮದ್ದು. ಕಾಗದದಲ್ಲಿ ಅದರ ಹೆಸರು ಸಂಮೋಹನ ಸೂಚ್ಯಂಕ. ಜನರ ಬಾಯಲ್ಲಿ ಜೋಂಪಿನ ನಂಬರು.

ಜನ ಯಾವುದಕ್ಕೂ ಒಗ್ಗಿಕೊಳ್ಳುತ್ತಾರೆ, ಇದಕ್ಕೂ ಒಗ್ಗಿಕೊಂಡರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತ ಮೆಲ್ಲಗೆ ನಂಬರು ಕೇಳಿದರು. ಹುಡುಗಿಯದು ಜಾಸ್ತಿಯಿದ್ದರೆ, ಸೊಸೆ ಹೇಳಿದ ಮಾತು ಕೇಳುತ್ತಾಳೆಂದು ಅತ್ತೆಗೆ ಸಂತೋಷ. ಹುಡುಗನದು ಜಾಸ್ತಿಯಿದ್ದರೆ ಅದೇ ಅತ್ತೆಗೆ ದಿಗಿಲು.

ಮಲಪ್ರಭೆಯ ದಂಡೆಯ ಚಿಕ್ಕನಾಳದಲ್ಲಿ ಕೌದಿ ಹೊಲಿಯುವ ನಿಂಬೆವ್ವನ ನಂಬರು ಎರಡು.

ಬೇರೆಯವರಿಗಾದರೆ ಎರಡಿದ್ದರೂ ನಷ್ಟವಿರಲಿಲ್ಲ. ನಿಂಬೆವ್ವನ ಕತ್ತಿನಲ್ಲಿ ಒಂದು ಗಡ್ಡೆ ಬೆಳೆದಿತ್ತು. ಹೊರಗೆ ಕಾಣುವುದು ನಿಂಬೆಹಣ್ಣಿನಷ್ಟು. ಒಳಗೆ ಅದು ಉಸಿರಿನ ಕೊಳವೆಯನ್ನು ಒತ್ತಿ ಓರೆ ಮಾಡಿತ್ತು. ಎಂಟು ತಿಂಗಳಿನಿಂದ ಅವಳು ಅಂಗಾತ ಮಲಗಿರಲಿಲ್ಲ. ಗೋಡೆಗೆ ಮೂರು ದಿಂಬು ಒಟ್ಟಿ, ಒರಗಿ ಕೂತೇ ಕಣ್ಣು ಮುಚ್ಚುತ್ತಿದ್ದಳು. ಗಡ್ಡೆ ತೆಗೆಯದಿದ್ದರೆ ಎರಡು ತಿಂಗಳಲ್ಲಿ ಉಸಿರು ಪೂರ್ತಿ ಕಟ್ಟುತ್ತದೆ ಎಂದಿದ್ದರು. ಮದ್ದು ಕೊಟ್ಟು ತೆಗೆಯುವಂತಿರಲಿಲ್ಲ. ಅವಳ ಅಣ್ಣ ಹಿಂದೆ ಸಣ್ಣದೊಂದು ಶಸ್ತ್ರಚಿಕಿತ್ಸೆಗೆಂದು ಮಲಗಿದವನು ಅರಿವಳಿಕೆ ಮುಟ್ಟಿದ ಕೂಡಲೇ ಮೈ ಒಲೆಯಂತೆ ಕಾದು ಅಲ್ಲೇ ತೀರಿಕೊಂಡಿದ್ದ. ಆ ರಕ್ತವೇ ಇವಳಲ್ಲೂ ಹರಿಯುತ್ತಿತ್ತು. ಮೂಗಿನಿಂದ ಕೊಡುವುದೂ ಸೂಜಿಯಿಂದ ಕೊಡುವುದೂ ಎರಡೂ ಇವಳಿಗೆ ವಿಷವೆಂದು ಪರೀಕ್ಷೆ ಹೇಳಿತ್ತು. ಉಳಿದದ್ದು ಸೊಲ್ಲೊಂದೇ.

ಹೊಳೆಯಾಚೆಯ ಆಸ್ಪತ್ರೆಯಲ್ಲಿ ಸೊಲ್ಲು ವಿಭಾಗದ ವೈದ್ಯೆ ಡಾಕ್ಟರ್ ಶಮೀಮ ನದಾಫ. ಮೂವತ್ತೈದರ ಹೆಣ್ಣುಮಗಳು, ಹುಬ್ಬಳ್ಳಿಯವಳು, ಮಾತು ಕಡಿಮೆ. ಮೊದಲ ಪರೀಕ್ಷೆಯ ದಿನ ನಿಂಬೆವ್ವನನ್ನು ಒರಗು ಕುರ್ಚಿಯಲ್ಲಿ ಕೂರಿಸಿ ಧ್ವನಿಯನ್ನು ಹಚ್ಚಿದಳು. ತುಂಬಿದ ಗಂಡುದನಿ, ಪುಸ್ತಕದ ಕನ್ನಡ.

"ನಿಮ್ಮ ಬಲಗೈ ನಿಧಾನವಾಗಿ ಭಾರವಾಗುತ್ತಿದೆ..."

"ಹೂಂ," ಅಂದಳು ನಿಂಬೆವ್ವ.

"ಆ ಭಾರ ಭುಜದವರೆಗೆ ಹರಡುತ್ತಿದೆ..."

"ಹೂಂ."

ಶಮೀಮ ಧ್ವನಿಯನ್ನು ನಿಲ್ಲಿಸಿದಳು. "ನಿಂಬೆವ್ವಾರ, ಹೂಂ ಅನಬ್ಯಾಡ್ರಿ. ಗಂಟಲ ಅಲಗಿದ್ರ ಪರದಿ ಮ್ಯಾಲಿನ ಗೆರಿ ಕೆಡತಾವು. ಬಾಯಿ ಮುಚ್ಚಿ ಸುಮ್ನ ಕೇಳ್ರಿ."

"ಆತ್ರಿ ಅವ್ವಾರ. ರೂಢಿ ನೋಡ್ರಿ, ತಪ್ಪಾತು."

ಮತ್ತೆ ಮೊದಲಿನಿಂದ ಶುರು. ನಿಂಬೆವ್ವ ತುಟಿ ಬಿಗಿದು, ಕೈಗಳನ್ನು ಮಡಿಲಲ್ಲಿಟ್ಟು, ಗುಡಿಯಲ್ಲಿ ಕೂತಂತೆ ಕೂತು ಕೇಳಿದಳು. ಮುಕ್ಕಾಲು ಗಂಟೆಯಾದ ಮೇಲೆ ಪರದೆಯ ಮೇಲೆ ಎರಡು ಎಂದು ಮೂಡಿತು. ವಾರ ಬಿಟ್ಟು ಮಾಡಿದ ಎರಡನೆಯ ಪರೀಕ್ಷೆಯಲ್ಲೂ ಎರಡೇ. ನಿಯಮದ ಪ್ರಕಾರ ಇನ್ನೊಂದೇ ಸಲ ಅಳೆಯಬಹುದಿತ್ತು. ಅದೂ ಎಂಟಕ್ಕೆ ಮುಟ್ಟದಿದ್ದರೆ ಚಾಕು ಹಿಡಿಯಲು ಯಾರಿಗೂ ಅಪ್ಪಣೆಯಿರಲಿಲ್ಲ.

"ನನ್ನ ಕೈ ಭಾರ ಆಗೇ ಇಲ್ರಿ ಅವ್ವಾರ," ಎಂದಳು ನಿಂಬೆವ್ವ ಕುರ್ಚಿಯಿಂದ ಏಳುತ್ತ. "ಆಗೇತಿ ಅಂತ ಸುಳ್ಳು ಹೇಳಲೇನು?"

"ಸುಳ್ಳು ಹೇಳಿದ್ರ ಮಷೀನ್ ನಂಬೂದಿಲ್ರಿ."

"ಅದೂ ಚಲೋನ ಆತು ಬಿಡ್ರಿ. ನನಗ ಹೇಳಾಕೂ ಬರೂದಿಲ್ಲ."

ಮೂರನೆಯ ಪರೀಕ್ಷೆಗೆ ಹತ್ತು ದಿನವಿತ್ತು. ಅಲ್ಲಿಯವರೆಗೆ ಉಸಿರು ಎಲ್ಲಿಯಾದರೂ ಕಟ್ಟಿದರೆ ಗೊತ್ತಾಗಲೆಂದು ಶಮೀಮ ಆ ಪಟ್ಟಿ, ಬಿಲ್ಲೆ, ಉಂಗುರಗಳನ್ನು ಅವಳ ಮೈಮೇಲೇ ಬಿಟ್ಟು ಕಳಿಸಿದಳು. ಅವು ಕಂಡದ್ದೆಲ್ಲ ಗಾಳಿಯ ಮೇಲೆ ಹಾದು ಆಸ್ಪತ್ರೆಯ ಪರದೆಗೆ ಬಂದು ಬೀಳುತ್ತಿತ್ತು.

ಮನೆಯಲ್ಲಿ ಗಂಡ ಫಕೀರಪ್ಪ ಹಿಟ್ಟಿನ ಗಿರಣಿ ಬಂದ್ ಮಾಡಿ ಕಾದಿದ್ದ. ಅವನ ನಂಬರು ಹನ್ನೊಂದು. ಎರಡು ವರ್ಷದ ಹಿಂದೆ ಹರ್ನಿಯಾ ಆದಾಗ ಸೊಲ್ಲಿನಲ್ಲೇ ಹೊಟ್ಟೆ ಕೊಯ್ಸಿಕೊಂಡು ಬಂದವನು. ಅಷ್ಟು ಹೊತ್ತೂ ತಾನು ಹೊಳೆದಂಡೆಯಲ್ಲಿ ಕೂತು ಪೇರಲಹಣ್ಣು ತಿನ್ನುತ್ತಿದ್ದೆ ಎಂದು ಊರಿಗೆಲ್ಲ ಹೇಳಿದ್ದ. ಅಂದಿನಿಂದ ಗಿರಣಿಗೆ ಬಂದವರಿಗೆ ಅದೇ ಚೇಷ್ಟೆ. "ಫಕೀರಪ್ಪಣ್ಣ, ನಿನ್ನ ಕೈ ಭಾರ ಆಗಾಕತ್ತೈತಿ, ನನ್ನ ಹಿಟ್ಟಿನ ರೊಕ್ಕ ಬ್ಯಾಡ ಅಂತಿ," ಎನ್ನುವರು. ಅವನೂ ನಗುವನು.

ಇವತ್ತು ನಗಲಿಲ್ಲ. ಹೆಂಡತಿಯ ಮುಖ ನೋಡಿಯೇ ತಿಳಿದುಕೊಂಡ. ನೀರು ತಂದುಕೊಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಹನ್ನೊಂದು ಇಟ್ಕೊಂಡು ನಾ ಏನ್ ಮಾಡ್ಲಿ?" ಎಂದ. "ಅರ್ಧಾ ನಿನಗ ಕೊಡಾಕ ಬರೂದಿಲ್ಲೇನು?"

"ಅರ್ಧಾ ಕೊಟ್ರೂ ಎಂಟು ಆಗೂದಿಲ್ಲ. ಲೆಕ್ಕಾ ಮಾಡು."

ಫಕೀರಪ್ಪ ಬೆರಳು ಎಣಿಸಿ, ಎಣಿಸಿದ್ದಕ್ಕೆ ನಾಚಿ, ಬೆರಳು ಮಡಚಿಕೊಂಡ.

ನಿಂಬೆವ್ವನಿಗೆ ಸಾವಿನ ಹೆದರಿಕೆಗಿಂತ ಮುಳ್ಳಾಗಿ ಚುಚ್ಚುತ್ತಿದ್ದದ್ದು ಬೇರೆ. ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಹೆಂಗಸರು ಆಡಿದ್ದು ಕಿವಿಗೆ ಬಿದ್ದಿತ್ತು: ಮನಸ್ಸು ದೇವರಿಗೆ ಬಾಗಿದವರಿಗೆ ನಂಬರು ತಾನಾಗಿಯೇ ಬರುತ್ತದಂತೆ, ಬರೀ ತೋರಿಕೆಗೆ ಕೈ ಮುಗಿಯುವವರಿಗೆ ಬರುವುದಿಲ್ಲವಂತೆ. ನಲವತ್ತು ವರ್ಷ ಒಂದು ಸೋಮವಾರ ತಪ್ಪಿಸಿದವಳಲ್ಲ ಅವಳು. ದೇವರ ಮುಂದೆ ನಿಂತಾಗ ಏನು ಕೇಳಬೇಕೆಂದೂ ಮರೆತು ಸುಮ್ಮನೆ ನಿಂತು ಬರುತ್ತಿದ್ದಳು. ಅದನ್ನು ಭಕ್ತಿಯೆಂದುಕೊಂಡಿದ್ದಳು.

"ನನ್ನ ಎದಿ ಕಲ್ಲೇನು?" ಎಂದು ಗಂಡನನ್ನು ಕೇಳಿದಳು.

"ಕಲ್ಲಾಗಿದ್ರ ಮೂವತ್ತು ವರ್ಷ ನನ್ನ ಗೊರಕಿ ಕೇಳ್ತಿದ್ದೇನು?" ಎಂದ ಫಕೀರಪ್ಪ. ಅದಕ್ಕಿಂತ ಚೆನ್ನಾಗಿ ಸಮಾಧಾನ ಹೇಳಲು ಅವನಿಗೆ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಶಮೀಮ ಪರದೆಯ ಮುಂದೆ ಕೂತು ಹಿಂದಿನ ದಿನದ ಗೆರೆಗಳನ್ನು ನೋಡುತ್ತಿದ್ದಳು. ಉಸಿರಿನ ಗೆರೆಯಷ್ಟನ್ನೇ ನೋಡಬೇಕಿತ್ತು. ಕಣ್ಣು ಮಾತ್ರ ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ ನಿಂತುಬಿಟ್ಟಿತು. ಹಣೆಯ ಅಲೆಗಳು ಉದ್ದುದ್ದಕ್ಕೆ ಚಾಚಿ ತೇಲುತ್ತಿದ್ದವು. ಎದೆಯ ಬಡಿತ ಉಸಿರು ತಕ್ಕೊಂಡಾಗ ಏರಿ, ಬಿಟ್ಟಾಗ ಇಳಿದು, ಜೋಕಾಲಿಯಂತೆ ತೂಗುತ್ತಿತ್ತು. ಬೆರಳಲ್ಲಿ ಬೆವರಿನ ಪಸೆಯೂ ಇಲ್ಲ. ನಿದ್ದೆಯೇ? ಅಲ್ಲ, ಕೈ ಒಂದೇ ಸಮನೆ ಆಡುತ್ತಿದ್ದದ್ದು ಉಂಗುರದಲ್ಲಿ ದಾಖಲಾಗಿತ್ತು. ಯಂತ್ರಕ್ಕೆ ಲೆಕ್ಕ ಹಾಕು ಅಂದಳು. ಹನ್ನೊಂದು ಅಂದಿತು. ಯಂತ್ರ ಕೆಟ್ಟಿರಬೇಕೆಂದುಕೊಂಡು ಫೋನು ಮಾಡಿದಳು.

"ನಿಂಬೆವ್ವಾರ, ನಿನ್ನಿ ಮೂರು ಗಂಟೇಕ ಏನ್ ಮಾಡಾಕತ್ತಿದ್ರಿ?"

"ನಾನೇನ್ರಿ? ಕೌದಿ ಹೊಲಿಯಾಕತ್ತಿದ್ದೆ. ಬಾಳಕ್ಕ ಕಥಿ ಹೇಳಾಕತ್ತಿದ್ಲು."

"ಪಟ್ಟಿ, ಉಂಗುರ ಮತ್ತ್ಯಾರಿಗಾದ್ರೂ ಹಾಕಿದ್ರೇನು?"

"ಅಯ್ಯ, ಮೈ ಮ್ಯಾಲಿನ ದಾಗೀನ ಬ್ಯಾರೆಯವರಿಗೆ ಯಾಕ ಹಾಕ್ಲಿ?"

ಶಮೀಮ ಅವತ್ತೇ ಮಧ್ಯಾಹ್ನದ ಬಸ್ಸು ಹತ್ತಿದಳು.

ಪಡಸಾಲೆಯಲ್ಲಿ ಒಂದು ದೊಡ್ಡ ಕೌದಿ ಹಾಸಿತ್ತು. ಹಳೆಯ ಸೀರೆ, ಧೋತ್ರ, ಮಕ್ಕಳ ಲಂಗ, ಎಲ್ಲದರ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ನಾಲ್ಕು ಮಗ್ಗುಲಿಗೆ ನಾಲ್ಕು ಹೆಂಗಸರು ಕೂತು ಹೊಲಿಯುತ್ತಿದ್ದರು. ಗೋಡೆಗೊರಗಿ ನಿಂಬೆವ್ವ. ಅವಳ ಎದುರಿಗೆ ಬಾಳವ್ವ. ಫಕೀರಪ್ಪನ ಅಣ್ಣನ ಹೆಂಡತಿ, ನಿಂಬೆವ್ವನ ನೆಗೆಣ್ಣಿ, ಅರವತ್ತು ದಾಟಿದ ತೂಕದ ಹೆಂಗಸು. ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಸೂಜಿ, ನಾಲಿಗೆಯ ಮೇಲೆ ಒಬ್ಬ ಒಂಟೆ ವ್ಯಾಪಾರಿ.

"ಒಂಟಿ ಏನ್ ಮಾಡ್ತು? ಮಣಕಾಲ ಊರಿ ಕುಂತ್ತು."

"ಹೂಂ," ಅಂದಳು ನಿಂಬೆವ್ವ. ಉದ್ದಕ್ಕೆ, ಉಸಿರೆಲ್ಲ ಬಿಟ್ಟು, ಗಡ್ಡೆಯ ಒಳಗಿಂದ ಹಾದು ಬರುವ ಒರಟು ಹೂಂ. ಆ ಹೂಂ ಮುಗಿಯುವವರೆಗೆ ಬಾಳವ್ವ ಕಾದಳು. ಮುಗಿದ ಮೇಲೆ ಮುಂದಿನ ಮಾತು ತೆಗೆದಳು. ಸೂಜಿಗಳೂ ಅದೇ ತೂಗಿನಲ್ಲಿ ಇಳಿದು ಏರುತ್ತಿದ್ದವು.

ಶಮೀಮ ಬಾಗಿಲಲ್ಲೇ ನಿಂತು ಕೈಯಲ್ಲಿದ್ದ ಸಣ್ಣ ಪರದೆಯನ್ನು ತೆರೆದಳು. ಅಲೆಗಳು ತೇಲುತ್ತಿದ್ದವು. ಅಷ್ಟರಲ್ಲಿ ನಿಂಬೆವ್ವನ ಸೂಜಿ ಜಾರಿ ಎಡಗೈ ಬೆರಳಿಗೆ ನಾಟಿತು. ರಕ್ತದ ಹನಿ ಮೂಡಿತು. ನಿಂಬೆವ್ವ ಅದನ್ನು ನೋಡಿದಳು, ಸೆರಗಿಗೆ ಒರೆಸಿದಳು, ಹೂಂ ಅಂದಳು. ಪರದೆಯಲ್ಲಿ ಒಂದು ಗೆರೆಯೂ ಬೆಚ್ಚಲಿಲ್ಲ.

ಶಮೀಮ ಪಡಸಾಲೆಯ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಎರಡು ಪರೀಕ್ಷೆಗಳ ಹಳೆಯ ಗೆರೆಗಳನ್ನು ತೆಗೆದು ಹಿಗ್ಗಿಸಿ ನೋಡಿದಳು. ಧ್ವನಿ ಒಂದು ವಾಕ್ಯ ಮುಗಿಸಿ ಬಿಡುವು ಕೊಟ್ಟಾಗಲೆಲ್ಲ, ಒಂದನ್ನೂ ತಪ್ಪಿಸದೆ, ಗಂಟಲ ಅಂಟಿನಲ್ಲಿ ಸಣ್ಣದೊಂದು ನಡುಕ. ಅದರ ಬೆನ್ನಿಗೇ ಹಣೆಯಲ್ಲಿ ಮುಳ್ಳಿನಂಥ ಏರು, ಬೆರಳಲ್ಲಿ ಬೆವರು, ಎದೆಯಲ್ಲಿ ಓಟ. ಮುಕ್ಕಾಲು ಗಂಟೆಯಲ್ಲಿ ಇನ್ನೂರಕ್ಕೂ ಮೇಲೆ ಇಂಥ ಮುಳ್ಳು. ಇವಳಿಗೆ ಸೊಲ್ಲು ನಾಟುತ್ತಿಲ್ಲವೆಂದು ಯಂತ್ರ ಓದಿತ್ತು. ಇವಳು ಇನ್ನೂರು ಸಲ ಹೂಂ ಅನ್ನಲು ಹೋಗಿ, ಇನ್ನೂರು ಸಲ ಅದನ್ನು ನುಂಗಿದ್ದಳು.

ಕಥೆ ನಿಂತಿತ್ತು. ಹೆಂಗಸರು ಡಾಕ್ಟರನ್ನು ನೋಡುತ್ತಿದ್ದರು. ಬಾಳವ್ವ ಒಳಗೆ ಹೋಗಿ ಚಹಾ ಇಟ್ಟು ಬಂದಳು.

"ನಿಂಬೆವ್ವಾರ, ತಪ್ಪು ನಂದು," ಎಂದಳು ಶಮೀಮ. "ಹಣಿ ಒಳಗ ಒಬ್ಬ ಕಾವಲುಗಾರ ಇರ್ತಾನ್ರಿ. ಏನ್ ನಡದೈತಿ, ಸರಿ ಐತಿಲ್ಲೊ ಅಂತ ನೋಡ್ಕೊಂತ ನಿಂತಿರ್ತಾನ. ಕೇಳಿದ ಮಾತಿನ್ಯಾಗ ಮನಸ್ಸು ಮುಳುಗಿದಾಗ ಅವ ಕೋಲು ಕೆಳಗಿಟ್ಟು ಕುಂದರ್ತಾನ. ಆವಾಗ ನೋವಿನ ಸುದ್ದಿ ಬಂದ್ರೂ ಬಾಗಲದಾಗ ಬೊಬ್ಬಿ ಹೊಡಿಯೋರು ಯಾರೂ ಇರೂದಿಲ್ಲ. ಸುದ್ದಿ ಬರತೈತಿ, ಹೋಗತೈತಿ. ನಾ ನಿಮಗ ಹೂಂ ಅನಬ್ಯಾಡ್ರಿ ಅಂದೆ. ಅದನ್ನ ತಡಿಯೂ ಕೆಲಸಾನೂ ಆ ಕಾವಲುಗಾರಂದ. ಕುಂದರಾಕ ಬಿಡಲಿಲ್ಲ ನಾ ಅವನ್ನ."

ನಿಂಬೆವ್ವ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿದಳು. "ಹಂಗಾದ್ರ ನನ್ನ ಎದಿ..."

"ಎದೀನೂ ನೋಡಿದೆ. ಹೂಂ ಅಂದಾಗ ಉಸಿರು ಉದ್ದಕ ಹೋಗತೈತಿ, ಅದರ ಬೆನ್ನ ಹತ್ತಿ ಎದಿ ನಿಧಾನ ಆಗತೈತಿ. ನಮ್ಮ ದವಾಖಾನಿ ಒಳಗ ಇಷ್ಟು ಚಂದ ತೂಗೂ ಎದಿ ನಾ ನೋಡಿಲ್ಲ."

ನಿಂಬೆವ್ವ ಮುಖ ತಿರುಗಿಸಿ ಗೋಡೆಯ ಕಡೆ ನೋಡಿದಳು.

ಚಹಾ ತಂದ ಬಾಳವ್ವನಿಗೆ ಮಾತ್ರ ನಗು ತಡೆಯಲಾಗಲಿಲ್ಲ. "ಕಥಿ ಕೇಳಾಕ ಕುಂದರಿಸಿ ಹೂಂ ಅನಬ್ಯಾಡ ಅಂದ್ರೇನ? ಯವ್ವಾ, ಎಲ್ಲಿ ಕಲತಿ ಈ ಡಾಕ್ಟರಕಿ? ನಮ್ಮೂರಾಗ ಹಂಗ ಸುಮ್ನ ಕುಂತ್ರ ಹೇಳಾಕಿ ಎದ್ದು ಹೊಕ್ಕಾಳ. ನನ್ನ ಮಾತು ಗ್ವಾಡಿಗೆ ಹೇಳಲೇನು ಅಂತಾಳ."

"ಕಲತದ್ದು ಸಾಲಲಿಲ್ರಿ," ಎಂದು ಶಮೀಮ ಚಹಾದ ಬಟ್ಟಲು ತಕ್ಕೊಂಡಳು.

ಮೂರನೆಯ ಪರೀಕ್ಷೆಯಲ್ಲಿ ಮೊದಲು ಆಸ್ಪತ್ರೆಯ ಧ್ವನಿಯನ್ನೇ ಹಚ್ಚಿ, ಹೂಂ ಅನ್ನಲು ಬಿಟ್ಟರು. ಅಂಕಿ ಐದಕ್ಕೆ ಏರಿ ಅಲ್ಲೇ ನಿಂತಿತು.

"ಈ ಅಣ್ಣ ನಾ ಹೂಂ ಅನ್ನೂತನಕ ನಿಂದ್ರೂದಿಲ್ರಿ," ಎಂದು ನಿಂಬೆವ್ವ ದೂರಿದಳು. "ಬಸ್ಸು ತಪ್ಪತೈತಿ ಅನ್ನೂವ್ರಂಗ ಓಡತಾನ."

ಬಾಳವ್ವನನ್ನು ಕರೆತಂದು ಎದುರಿಗೆ ಕೂರಿಸಿದರು. ಅವಳ ಎದೆಗೂ ಒಂದು ಬಿಲ್ಲೆ ಹಚ್ಚಿ ನೋಡಿದಳು ಶಮೀಮ. ಕಥೆ ಹತ್ತು ನಿಮಿಷ ಸಾಗುವುದರೊಳಗೆ ಇಬ್ಬರು ನೆಗೆಣ್ಣಿಯರ ಎದೆಗಳು ಒಂದೇ ಹೆಜ್ಜೆಗೆ ಬಿದ್ದವು. ಒಬ್ಬಳು ಹೇಳುವುದು, ಇನ್ನೊಬ್ಬಳು ಒಪ್ಪುವುದು, ಆ ಒಪ್ಪಿಗೆಯ ಮೇಲೆ ಕಾಲಿಟ್ಟು ಮೊದಲಿನವಳು ಮುಂದೆ ಸಾಗುವುದು. ಯಂತ್ರ ಹನ್ನೊಂದು ಅಂದಿತು. ಶಮೀಮ ಐದು ಹೊತ್ತಿನ ನಮಾಜು ತಪ್ಪಿಸದ ಮನೆಯಲ್ಲಿ ಬೆಳೆದವಳು. ಅಜ್ಜ ಬೇಡಿಕೊಂಡಾಗ ಹಿಂದೆ ಕೂತವರೆಲ್ಲ ಮೆಲುದನಿಯಲ್ಲಿ ಆಮೀನ್ ಅನ್ನುತ್ತಿದ್ದದ್ದು ನೆನಪಾಯಿತು. ಆ ಒಂದು ಪದ ಹೇಳುವಾಗ ಎಷ್ಟು ಹಗುರಾಗುತ್ತಿತ್ತು ಮೈ! ಇಷ್ಟು ವರ್ಷ ಇದೇ ವಿದ್ಯೆಯನ್ನು ಓದಿದರೂ ಅದು ಹೊಳೆದಿರಲಿಲ್ಲ.

ಇನ್ನು ಒಪ್ಪಿಸಬೇಕಾದದ್ದು ಶಸ್ತ್ರವೈದ್ಯರನ್ನು. ಡಾಕ್ಟರ್ ಹಲಗಲಿ ಅರವತ್ತರ ಹತ್ತಿರದವರು, ಸಿಡುಕರು.

"ನಾ ಕೊಯ್ಯೂದು ಗಂಟಲ," ಎಂದರು. "ಆಕಿ ಹೂಂ ಅಂದ್ರ ನನ್ನ ಚಾಕು ಕೆಳಗ ಗಂಟಲ ಜಿಗೀತೈತಿ. ಹುಚ್ಚು ಹಿಡದೈತೇನವ್ವಾ ನಿನಗ?"

"ಸರ್, ಆ ಗಡ್ಡಿ ಹಿಂದ ದನಿ ನರ ಐತಿ. ಅದಕ್ಕ ಪೆಟ್ಟು ಬಿದ್ರ ಮಲಗಿಸಿದ ಪೇಶಂಟಿನ್ಯಾಗ ನಿಮಗ ಯಾವಾಗ ಗೊತ್ತಾಗತೈತಿ?"

"ಎದ್ದು ಮಾತಾಡಿದಾಗ."

"ಇಲ್ಲಿ ಪ್ರತಿ ಮಾತಿಗೂ ಗೊತ್ತಾಗತೈತಿ. ಹೂಂ ಬರಾಕತ್ತೈತಿ ಅಂದ್ರ ನರ ಚಲೋ ಐತಿ. ಬಾಳವ್ವ ಮಾತು ಹೇಳೂತನಕ ನೀವು ಕೆಲಸ ಮಾಡ್ರಿ, ಆಕಿ ನಿಂತಾಗ ಚಾಕು ಎತ್ರಿ."

ಹಲಗಲಿಯವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಮೂವತ್ತು ವರ್ಷ ಆತು ಕೊಯ್ಯಾಕತ್ತು," ಎಂದರು. "ಕಥಿ ತಾಳಕ್ಕ ಕೊಯ್ಯೂದೊಂದು ಉಳದಿತ್ತು." ಅದೇ ಅವರ ಒಪ್ಪಿಗೆ.

ಒಪ್ಪದವಳು ಬಾಳವ್ವ. "ನನಗ ರಕ್ತ ನೋಡಿದ್ರ ಚಕ್ಕರ ಬರತೈತಿ. ನಾ ಬಿದ್ರ ಇಬ್ಬರನ್ನೂ ಹೊರಬೇಕಾಗತೈತಿ ನೋಡ್ರಿ, ನನ್ನ ಎತ್ತಾಕ ನಾಕ ಮಂದಿ ಬೇಕು." ನಿಂಬೆವ್ವನ ಗಲ್ಲದ ಕೆಳಗೆ ಹಸಿರು ಬಟ್ಟೆಯ ಪರದೆ ಕಟ್ಟಿ, ಆಚೆಯದು ಏನೂ ಕಾಣದಂತೆ ಮಾಡುತ್ತೇವೆಂದು ಮಾತು ಕೊಟ್ಟ ಮೇಲೆ ಹೂಂ ಅಂದಳು. ಆಮೇಲೆ ಗುಡಿಗೆ ಹೋಗಿ ಬಂದಳು. ಏನು ಬೇಡಿಕೊಂಡೆ ಎಂದು ಫಕೀರಪ್ಪ ಕೇಳಿದ್ದಕ್ಕೆ, "ಕಥಿ ನೆನಪಿನ್ಯಾಗ ಇರ್ಲಿ ಅಂತ," ಎಂದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ನಿಂಬೆವ್ವನನ್ನು ಮೇಜಿನ ಮೇಲೆ ಅರೆ ಒರಗಿಸಿ ಕೂರಿಸಿದರು. ಕತ್ತಿನ ಚರ್ಮಕ್ಕೆ ಒಂದು ತಂಪು ಮುಲಾಮು ಸವರಿದರು, ಅವಳ ಮೈಗೆ ಒಗ್ಗುವ ಮದ್ದು ಅದೊಂದೇ. ಪರದೆಯ ಈಚೆ, ಅವಳ ತಲೆಯ ಹತ್ತಿರ, ಎತ್ತರದ ಸ್ಟೂಲಿನ ಮೇಲೆ ಹಸಿರು ನಿಲುವಂಗಿ ತೊಟ್ಟ ಬಾಳವ್ವ. ಎಲೆಯಡಿಕೆ ಉಗಿಸಿದ್ದರಿಂದ ಸಿಟ್ಟಾಗಿದ್ದಳು. ಬಾಗಿಲ ಹೊರಗೆ ಬೆಂಚಿನ ಮೇಲೆ ಫಕೀರಪ್ಪ. ಗೆರೆಗಳ ಮುಂದೆ ಶಮೀಮ.

"ಒಂದೂರಾಗ ಒಬ್ಬ ಕುಂಬಾರ," ಎಂದು ಶುರು ಮಾಡಿದಳು ಬಾಳವ್ವ. ದನಿ ನಡುಗುತ್ತಿತ್ತು.

"ಹೂಂ."

"ಅವಗ ಒಬ್ಬಾಕಿ ಮಗಳು. ಆ ಊರಿನ ನೀರೆಲ್ಲ ಒಂದಿನ ಉಪ್ಪಾಗಿ ಹೋತು."

"ಹೂಂ."

ಹತ್ತು ಮಾತು ದಾಟುವುದರೊಳಗೆ ಬಾಳವ್ವನ ದನಿ ತನ್ನ ಜಾಗಕ್ಕೆ ಬಂತು. ಕುಂಬಾರನ ಮಗಳು ಸಿಹಿನೀರು ಹುಡುಕಿಕೊಂಡು ಏಳು ಬಾವಿಗಳ ಕಡೆ ಹೊರಟಳು. ಒಂದೊಂದು ಬಾವಿಯೂ ಮುಂದಿನ ದಾರಿ ಹೇಳಲು ಅವಳಿಂದ ಒಂದೊಂದು ಕೇಳಿತು. ಮೊದಲನೆಯದು ಮುಡಿದ ಹೂ ಕೇಳಿತು. ಎರಡನೆಯದು ಬಾಚಣಿಗೆ. ಶಮೀಮ ತಲೆಯಾಡಿಸಿದಳು, ಗೆರೆಗಳು ತೇಲುತ್ತಿದ್ದವು. ಹಲಗಲಿಯವರು ಚಾಕು ಇಳಿಸಿದರು. ನಿಂಬೆವ್ವನ ಹುಬ್ಬು ಅಲುಗಲಿಲ್ಲ.

ಮೂರನೆಯ ಬಾವಿ ಎಡಗಾಲ ಗೆಜ್ಜೆ ಕೇಳಿತು. ಹುಡುಗಿ ಬಿಚ್ಚಿ ನೀರಿಗೆ ಹಾಕಿದಳು. ಚಾಕು ಇಳಿಯುವುದು, ಮಾತು ನಿಲ್ಲುವುದು, ಚಾಕು ಏಳುವುದು, ಹೂಂ ಬರುವುದು. ನಲವತ್ತು ನಿಮಿಷ ಹೀಗೆ ಸಾಗಿತು. ನಾಲ್ಕನೆಯ ಬಾವಿ ನೆರಳು ಕೇಳಿತ್ತು, ಕೊಟ್ಟಾಗಿತ್ತು. ಗಡ್ಡೆ ಮುಕ್ಕಾಲು ಬಿಡಿಸಿಕೊಂಡಿತ್ತು. ಈಗ ಉಳಿದದ್ದು ಹಿಂದಿನ ಭಾಗ, ದನಿ ನರ ಅಂಟಿಕೊಂಡಿದ್ದ ಜಾಗ. ಹಲಗಲಿಯವರ ಹಣೆಯ ಬೆವರನ್ನು ದಾದಿ ಒರೆಸಿದಳು.

"ಐದನೇ ಬಾವಿ ದೂರ ಇತ್ತು," ಎಂದಳು ಬಾಳವ್ವ. "ಹುಡಿಗಿ ಓಡಾಕ ಹತ್ತಿದ್ಲು. ಎರಡೂ ಕಾಲ ಗೆಜ್ಜಿ ಝಲ್ಲ ಝಲ್ಲ ಅಂದ್ವು."

ಹಲಗಲಿಯವರು ಎಳೆಯೊಂದನ್ನು ಬಿಡಿಸಿ ಚಾಕು ಎತ್ತಿದರು.

ಹೂಂ ಬರಲಿಲ್ಲ.

ಹಲಗಲಿಯವರ ಕೈ ಗಾಳಿಯಲ್ಲೇ ನಿಂತಿತು. "ನರ," ಎಂದರು ಸಣ್ಣಗೆ. "ಶಮೀಮ, ನರ ಹೋತೇನು?"

ಶಮೀಮ ಗೆರೆಗಳನ್ನು ನೋಡಿದಳು. ಎದೆ ತೂಗುತ್ತಲೇ ಇತ್ತು. ಬೆವರಿಲ್ಲ. ಅಲೆಗಳು ಉದ್ದುದ್ದಕ್ಕೇ ಇದ್ದವು. ನಿದ್ದೆ ಹೋಗಿದ್ದಾಳೆಯೇ? ಅದೂ ಅಲ್ಲ. ಎಲ್ಲ ಇದ್ದು ದನಿಯೊಂದೇ ಇಲ್ಲವೆಂದರೆ ಪೆಟ್ಟು ನರಕ್ಕೇ ಬಿದ್ದಿರಬೇಕು. ಗಂಟಲು ಅಲುಗಲಿ ಎಂದು ಹಟ ಹಿಡಿದವಳು ತಾನು. ಈಗ ಈ ಹೆಂಗಸು ಬದುಕಿರುವಷ್ಟು ಕಾಲ ಮೂಕಿಯಾಗಿ ಉಳಿದರೆ?

"ಬಾಳವ್ವಾರ, ಇನ್ನೊಮ್ಮೆ ಹೇಳ್ರಿ," ಎಂದಳು.

"ಎರಡೂ ಕಾಲ ಗೆಜ್ಜಿ ಝಲ್ಲ ಝಲ್ಲ ಅಂದ್ವು," ಎಂದಳು ಬಾಳವ್ವ, ಇನ್ನಷ್ಟು ಗಟ್ಟಿಯಾಗಿ.

ಇಲ್ಲ. ನಿಂಬೆವ್ವನ ತುಟಿ ಗಟ್ಟಿಯಾಗಿ ಮುಚ್ಚಿತ್ತು. ಹುಬ್ಬುಗಳ ನಡುವೆ ಮಾತ್ರ ಸಣ್ಣದೊಂದು ಗೆರೆ ಮೂಡಿತ್ತು, ಅಂಗಡಿಯವನು ಹಳಸಿದ್ದು ಕೊಟ್ಟಾಗ ಮೂಡುವಂಥದು.

ಬಾಳವ್ವ ಆ ಗೆರೆಯನ್ನು ನೋಡಿದಳು. ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ನನ್ನ ಶಿವನ! ತಪ್ಪಿದೆ ನಾ!"

"ಏನ್ ತಪ್ಪಿದಿರಿ?" ಹಲಗಲಿಯವರು ಕೂಗಿದರು.

"ಒಂದು ಗೆಜ್ಜಿ ಮೂರನೇ ಬಾವಿಗೆ ಕೊಟ್ಟು ಬಂದಾಳಲ್ರೀ ಆಕಿ! ಎರಡೂ ಕಾಲಾಗ ಎಲ್ಲಿಂದ ಬರಬೇಕು? ತಪ್ಪು ಹೇಳಿದ್ರ ಈಕಿ ಹೂಂ ಅನ್ನೂದಿಲ್ರಿ, ಜೀವ ಹೋದ್ರೂ ಅನ್ನೂದಿಲ್ಲ, ಮೊದಲಿಂದ ಹಿಂಗ ಈಕಿ!" ಬಾಳವ್ವ ನಿಂಬೆವ್ವನ ಕಿವಿಯ ಹತ್ತಿರ ಬಾಗಿದಳು. ದನಿ ಮೆತ್ತಗಾಯಿತು. "ತಪ್ಪಾತವ್ವಾ ನಿಂಬಿ. ಹುಡಿಗಿ ಓಡಿದ್ಲು. ಬಲಗಾಲ ಗೆಜ್ಜಿ ಒಂದ ಝಲ್ಲ ಅಂತು. ಎಡಗಾಲು ಸುಮ್ನ ನೆಲ ಮುಟ್ಟತಿತ್ತು."

ಒಂದು ಕ್ಷಣ. ಎರಡು.

"ಹೂಂ," ಅಂದಳು ನಿಂಬೆವ್ವ.

ಉದ್ದಕ್ಕೆ, ತುಂಬಿಕೊಂಡು ಬಂತು. ಆ ತನಕ ಇದ್ದ ಒರಟುತನ ಅದರಲ್ಲಿರಲಿಲ್ಲ. ಗಡ್ಡೆಯ ಭಾರ ಬಿಟ್ಟ ಕೊಳವೆಯೊಳಗೆ ಗಾಳಿ ನೆಟ್ಟಗೆ ಹಾದು ಬಂದಿತ್ತು. ದಾದಿ ಗೋಡೆಗೆ ಒರಗಿ ನಿಂತಳು. ಹಲಗಲಿಯವರು ಜೋರಾಗಿ ಉಸಿರು ಬಿಟ್ಟು, "ಇನ್ನ ಮ್ಯಾಲ ನೋಡಿ ಹೇಳ್ರಿ ತಾಯಿ," ಎಂದರು, "ನಿಮ್ಮ ಒಂದು ಗೆಜ್ಜಿಗೆ ನನ್ನ ಎದಿ ನಿಂತಿತ್ತು."

"ನೀವೂ ನೋಡಿ ಕೊಯ್ರಿ," ಎಂದಳು ಬಾಳವ್ವ ಪರದೆಯ ಈಚೆಯಿಂದ.

ಶಮೀಮ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಸಂಮೋಹನಕ್ಕೆ ಒಳಗಾದವರ ಬುದ್ಧಿ ಬೇರೆಯವರ ಕೈಯಲ್ಲಿರುತ್ತದೆ ಎಂದು ಜನ ಹೆದರುತ್ತಿದ್ದರು. ಒಳಗೊಳಗೆ ಅವಳಿಗೂ ಆ ಅಳುಕಿತ್ತು. ಕತ್ತು ಬಿಚ್ಚಿಕೊಂಡು ಒರಗಿದ್ದಾಗಲೂ ಒಂದು ಗೆಜ್ಜೆಯ ಲೆಕ್ಕ ಬಿಟ್ಟುಕೊಡದ ಈ ಹೆಂಗಸನ್ನು ನೋಡಿದ ಮೇಲೆ ಆ ಅಳುಕು ಹೋಯಿತು.

ಆರನೆಯ ಬಾವಿಗೆ ಮುಟ್ಟುವುದರೊಳಗೆ ಗಡ್ಡೆ ಹೊರಬಂತು. ಏಳನೆಯದರಲ್ಲಿ ಸಿಹಿನೀರು ಸಿಕ್ಕಿದಾಗ ಹೊಲಿಗೆ ಮುಗಿದಿತ್ತು.

ಆ ವರ್ಷವೇ ಶಮೀಮ ಬರೆದ ವರದಿಯ ಮೇಲೆ ಪರೀಕ್ಷೆಯ ನಿಯಮ ಬದಲಾಯಿತು. ರೋಗಿಗೆ ತನ್ನ 'ಹೂಂ' ಹೇಳಿಕೊಳ್ಳುವ ಸ್ವಾತಂತ್ರ್ಯವಿರಬೇಕು, ಧ್ವನಿ ಅದಕ್ಕಾಗಿ ಕಾಯಬೇಕು ಎಂಬ ಎರಡು ಸಾಲು ಸೇರಿದವು. ಎರಡು, ಮೂರು ಎಂದು ಮೂಲೆಗೆ ಸರಿಸಿದ್ದ ಎಷ್ಟೋ ಜನರನ್ನು ಮತ್ತೆ ಕರೆದು ಅಳೆದರು. ಅದು ಆಮೇಲಿನ ಮಾತು.

ಅವತ್ತು ಮಧ್ಯಾಹ್ನ ಬಾಳವ್ವ ಬೆಳಗಿನಿಂದ ಹಿಡಿದಿದ್ದ ಉಪವಾಸ ಮುರಿಯಲು ಕ್ಯಾಂಟೀನಿಗೆ ಹೋದಳು. ಫಕೀರಪ್ಪನನ್ನು ವಾರ್ಡಿಗೆ ಬಿಟ್ಟರು. ಕಿಟಕಿಯ ಪಕ್ಕದ ಮಂಚದಲ್ಲಿ ನಿಂಬೆವ್ವನನ್ನು ಕಂಡು ಅವನು ಬಾಗಿಲಲ್ಲೇ ನಿಂತ. ಅವಳು ಅಂಗಾತ ಬಿದ್ದುಕೊಂಡಿದ್ದಳು. ದಿಂಬುಗಳು ಪಕ್ಕಕ್ಕೆ ಸರಿದಿದ್ದವು. ಎಂಟು ತಿಂಗಳು ಅವಳನ್ನು ಕೂತಲ್ಲೇ ನೋಡಿದ್ದ ಅವನಿಗೆ ಹಾಗೆ ನೆಟ್ಟಗೆ ಚಾಚಿದ ಮೈಯನ್ನು ನೋಡಿ ಒಂದೇ ಅರ್ಥ ಹೊಳೆಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡ.

ಹೊದಿಕೆ ಮೇಲೇರಿತು. ಇಳಿಯಿತು. ಮತ್ತೆ ಮೇಲೇರಿತು.

ಫಕೀರಪ್ಪ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಹೋದ. ಮಂಚದ ಹತ್ತಿರ ನಿಂತು ಆ ಏರಿಳಿತವನ್ನು ನೋಡಿದ, ತುಂಬ ಹೊತ್ತು. ಕೈಗಳು ತಾವಾಗಿಯೇ ಕೂಡಿಕೊಂಡವು. ಅಷ್ಟರಲ್ಲಿ ಬಾಳವ್ವ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದು, "ಹೆಂಗ ಅದಾಳೋ?" ಎಂದು ವಾರ್ಡೆಲ್ಲ ಕೇಳುವಂತೆ ವಿಚಾರಿಸಿದಳು.

ಅವನು ತುಟಿಯ ಮೇಲೆ ಬೆರಳಿಟ್ಟ.

"ಮೆಲ್ಲಕ, ವೈನಿ," ಎಂದ. "ಮಲಗ್ಯಾಳ."